ಮಲ್ಲಂದೂರಿನಿಂದ ನಡೆದು ಬಂದ ಮನೆ

ನಾನು ಈಗ ಹೇಳಲಿರುವುದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ಕಣ್ಣಾರೆ ಕಂಡ ಆಲ್ದೂರಿನ ಜನರಲ್ಲೇ ಅರ್ಧ ಮಂದಿ ಇನ್ನೂ ನಂಬಿಲ್ಲ. ಲೋಕದಲ್ಲಿ ಎಲ್ಲರೂ ಹಳೆಯ ಮನೆ ಬಿಟ್ಟು ಹೊಸ ಮನೆಗೆ ಹೋಗುತ್ತಾರೆ. ನಮ್ಮದು ಹಾಗಲ್ಲ. ನಮ್ಮ ಮನೆಯೇ ಮಲ್ಲಂದೂರಿನಿಂದ ಹೊರಟು, ಗುಡ್ಡ ಹತ್ತಿ, ಹಳ್ಳ ದಾಟಿ, ದಾರಿಯಲ್ಲಿ ಸಿಕ್ಕ ದನಕರು ಜನ ಎಲ್ಲರನ್ನೂ ಬೆಚ್ಚಿಬೀಳಿಸುತ್ತ ನಮ್ಮ ಬಳಿಗೆ ಬಂತು.

ಮೊನ್ನೆ ಅಪ್ಪನ ಜೊತೆ ಮಲ್ಲಂದೂರಿಗೆ ಹೋಗಿದ್ದೆ. ಅಲ್ಲೊಂದು ಎಸ್ಟೇಟಿನ ಗೇಟಿಗೆ ಆಳೊಬ್ಬ ಹಸಿರು ಬಣ್ಣ ಬಳಿಯುತ್ತಿದ್ದ. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾನು ಗಾಡಿಯಲ್ಲಿ ಕೂತಲ್ಲೇ ಮೂರು ವರ್ಷ ಹಿಂದಕ್ಕೆ ಉರುಳಿಹೋದೆ.

"ಎಂತ ಗಿರಿಜ, ತಲೆ ಸುತ್ತಾ?" ಎಂದು ಅಪ್ಪ ಕೇಳಿದ.

"ಇಲ್ಲಪ್ಪ, ನಮ್ಮನೆ ವಾಸನೆ ಬಂತು" ಎಂದೆ. ಅಪ್ಪನೂ ಜೋರಾಗಿ ಒಮ್ಮೆ ಮೂಸಿ ಮೀಸೆಯೊಳಗೇ ನಕ್ಕ.

ಆ ಬೇಸಿಗೆಯಲ್ಲಿ ನನಗೆ ಹದಿಮೂರು. ಈಗ ಹದಿನಾರಾಗಿದೆ, ಬುದ್ಧಿ ಬಂದಿದೆ, ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ಇದ್ದದ್ದನ್ನು ಸ್ವಲ್ಪ ಎಳೆದು ಉದ್ದ ಮಾಡುತ್ತೇನೆ, ಅಷ್ಟೆ.

ಯುದ್ಧ ನಡೆಯುತ್ತಿದ್ದ ಕಾಲ. ಆಲ್ದೂರಿನ ದೊಡ್ಡ ಬೀದಿಯಲ್ಲಿ ಅಪ್ಪನ ದಿನಸಿ ಅಂಗಡಿ, ಅದರ ಹಿತ್ತಲಿನಲ್ಲಿ ಹುಲ್ಲು ಹೊದಿಸಿದ ನಮ್ಮ ಮನೆ. ಒಂದು ಮಧ್ಯಾಹ್ನ ಬಚ್ಚಲೊಲೆಯ ಕಿಡಿಯೊಂದು ಗಾಳಿಗೆ ಹಾರಿ ಸೂರಿಗೆ ಹತ್ತಿತು. ಜ್ವಾಲೆ ಎಷ್ಟು ಎತ್ತರಕ್ಕೆ ಹೋಯಿತೆಂದರೆ, ಅತ್ತ ದೇವರಮನೆ ಗುಡ್ಡದಲ್ಲಿ ದನ ಕಾಯುತ್ತಿದ್ದವರು ಸೂರ್ಯ ಮುಳುಗುತ್ತಿದ್ದಾನೆಂದು ತಿಳಿದು ದನ ಹೊಡೆದುಕೊಂಡು ಮನೆಗೆ ಹೋದರಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತಗಡಿನ ಮಾಡು ಇದ್ದ ಅಂಗಡಿ ಉಳಿಯಿತು. ಮನೆಯಲ್ಲಿ ಉಳಿದದ್ದು ಎರಡೇ: ರುಬ್ಬುವ ಕಲ್ಲು ಮತ್ತು ಅಜ್ಜಿಯ ಬಾಯಿ.

ಅಪ್ಪ, ಅಮ್ಮ, ಅಜ್ಜಿ, ನಾನು, ನಾಲ್ಕು ವರ್ಷದ ತಮ್ಮ ಮಂಜ, ಎಲ್ಲರೂ ಅಂಗಡಿಯೊಳಗೆ ಬಿಡಾರ ಹೂಡಿದೆವು. ನಾನು ಸ್ಕೂಲಿನಲ್ಲಿ, "ನಾವೀಗ ಇರೋ ಮನೇಲಿ ಮೂಟೆಗಟ್ಲೆ ಬೆಲ್ಲ ಇದೆ, ನಿಮ್ಮನೇಲಿ ಎಷ್ಟಿದೆ?" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದೆ. ಆದರೆ ಒಳಗಿನ ಕಥೆ ಬೇರೆ. ಅಜ್ಜಿಗೆ ಕಡಲೆಬೇಳೆಯ ಮೂಟೆಯೇ ಹಾಸಿಗೆ. ಗಿರಾಕಿ ಬಂದು, "ಅಜ್ಜಿ, ಒಂಚೂರು ಏಳಿ, ಕಡ್ಲೆಬೇಳೆ ಬೇಕಿತ್ತು" ಎಂದರೆ, "ಇವತ್ತು ಹೆಸರುಬೇಳೆ ತಗೊಂಡು ಹೋಗು ಮಾರಾಯ, ಈಗಷ್ಟೇ ಸೊಂಟ ನೆಟ್ಟಗಾಗಿದೆ" ಎನ್ನುತ್ತಿದ್ದಳು. ಒಣಮೆಣಸಿನ ಘಾಟಿಗೆ ನಾವೆಲ್ಲ ಒಟ್ಟಿಗೆ ಸೀನಿದರೆ ಎದುರು ಸಾಲಿನ ಅಂಗಡಿಯ ತಕ್ಕಡಿ ಅಲುಗಾಡುತ್ತಿತ್ತು.

ಮಂಜ ಮಾತ್ರ ಸೀನುತ್ತಿರಲಿಲ್ಲ. ಅವನಿಗೆ ಉಬ್ಬಸ. ಮೆಣಸಿನ ಧೂಳು, ಹಳೆಯ ಮೂಟೆಗಳ ಮುಗ್ಗಲು ವಾಸನೆ. ಅವನ ಎದೆಯೊಳಗೆ ಯಾರೋ ಕುಲುಮೆಯ ತೂತು ಬಿದ್ದ ತಿದಿ ಒತ್ತುತ್ತಿರುವ ಹಾಗೆ ಸದ್ದು. ಅಮ್ಮ ಕೂಗಾಡುವ ಹೆಂಗಸಲ್ಲ. ಅವಳು ಸಿಟ್ಟಾದರೆ ದನಿ ಇಳಿಯುತ್ತದೆ, ನಮ್ಮೆಲ್ಲರ ಬೆವರೂ ಇಳಿಯುತ್ತದೆ. ಒಂದು ದಿನ ಮೆಲ್ಲಗೆ ಅಪ್ಪನಿಗೆ ಹೇಳಿದಳು: "ಮಳೆಗಾಲ ಈ ಅಂಗಡೀಲಿ ಕಳೆದ್ರೆ ಮಗು ನಮಗೆ ಉಳಿಯಲ್ಲ. ಮೊದಲ್ನೇ ಮಳೆ ಬೀಳೋದ್ರೊಳಗೆ ಒಣಗಿರೋ ಒಂದು ಸೂರು ತೋರ್ಸಿ. ಇಲ್ದಿದ್ರೆ ಮಳೆ ಬಿದ್ದ ಮಾರನೇ ದಿನ ಅವನ್ನ ಕರ್ಕೊಂಡು ಕಡೂರಿಗೆ ಅಣ್ಣನ ಮನೆಗೆ ಹೋಗ್ತೀನಿ. ಆಮೇಲೆ ಗಿರಿಜನ್ನೂ ಕರೆಸ್ಕೊತೀನಿ."

ಕಡೂರಿನ ಮಾವನ ಮನೆಯಲ್ಲಿ ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುವ ಪದ್ಧತಿಯಿಲ್ಲ. ಬೆಳಗಾದರೆ ರೊಟ್ಟಿ, ಸಂಜೆಯಾದರೆ ರೊಟ್ಟಿ. ನನ್ನಂಥ ಪ್ರತಿಭೆ ರೊಟ್ಟಿಯ ಮುಂದೆ ಕೂತು ಹಾಳಾಗುವುದನ್ನು ನೆನೆದು ನನಗೇ ಅಳು ಬಂತು.

ಅಪ್ಪ ಓಡಾಡದ ಜಾಗವಿಲ್ಲ. ಹೆಂಚು ಸಿಗಲಿಲ್ಲ. ಮೊಳೆ ಸಿಗಲಿಲ್ಲ, ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಬಡಗಿಗಳೆಲ್ಲ ಎಸ್ಟೇಟುಗಳಲ್ಲಿ ಮಳೆಗೆ ಮುಂಚಿನ ರಿಪೇರಿಯಲ್ಲಿ ಸಿಕ್ಕಿಕೊಂಡಿದ್ದರು. ಹುಲ್ಲಿನ ಮಾಡು ಎಂಬ ಮಾತನ್ನು ಅಮ್ಮನ ಮುಂದೆ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಹೀಗಿರುವಾಗ ನಶ್ಯ ಕೊಳ್ಳಲು ಬಂದವರು ಮಲ್ಲಂದೂರಿನ ಬಿಳಿ ದೊರೆಯ ಎಸ್ಟೇಟಿನ ರೈಟರ್ ಶಾಮಣ್ಣ. ಅಲ್ಲಿನ ಲೆಕ್ಕಪತ್ರವೆಲ್ಲ ಅವರದೇ ಕೈಯಲ್ಲಿ. ಒಂದು ಚಿಟಿಕೆ ಏರಿಸಿ, ಸೀನು ಬರುವವರೆಗೆ ಕಾದು, ಬಂದ ಮೇಲೆ ಹೇಳಿದರು: "ನಮ್ಮ ದೊರೆ ಯುದ್ಧಕ್ಕೆ ಹೊರಟ್ರು. ಅವರ ಗಾಲಿಮನೆ ಮಾರ್ತಾರಂತೆ. ಯಾರಿಗಾದ್ರೂ ಬೇಕಿದ್ರೆ ಹೇಳಿ."

"ಗಾಲಿಮನೆ ಅಂದ್ರೆ?"

"ಮನೆ. ಗಾಲಿ ಇದೆ."

ಬಂಗಲೆ ಕಟ್ಟಿಸುವಾಗ ತಾವು ಇರಲೆಂದು ದೊರೆ ಮಾಡಿಸಿಕೊಂಡದ್ದಂತೆ. ಬಂಗಲೆ ಮುಗಿದ ಮೇಲೆ ಭದ್ರಾ ಹೊಳೆಗೆ ಮೀನು ಹಿಡಿಯಲು ಹೋಗುವಾಗ ಎಳೆಸಿಕೊಂಡು ಹೋಗುತ್ತಿದ್ದರಂತೆ. ಮಾರನೆಯ ದಿನ ಅಪ್ಪ, ಅಜ್ಜಿ, ನಾನು ನೋಡಲು ಹೋದೆವು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಅದು ನಿಂತಿತ್ತು. ಆನೆಯ ಮೇಲೆ ಆನೆ ನಿಂತಷ್ಟು ಎತ್ತರ. ಸರಿ, ಆನೆಯ ಮೇಲೆ ಮರಿಯಾನೆ. ಲಾರಿಯ ನಾಲ್ಕು ಗಾಲಿ, ಮೈಗೆಲ್ಲ ಇನ್ನೂ ವಾಸನೆ ಆರದ ಹಸಿರು ಬಣ್ಣದ ಹಲಗೆ, ತಗಡಿನ ಮಾಡು, ಗಾಜಿನ ಕಿಟಕಿ, ಗೋಡೆಯಿಂದ ಬಿಚ್ಚಿದರೆ ಮಂಚವಾಗುವ ಹಲಗೆ, ಒಂದು ಕಬ್ಬಿಣದ ಒಲೆ. ಒಳಗೆ ಹತ್ತು ಜನ ಆರಾಮವಾಗಿ ಕೂರಬಹುದು, ಉಸಿರಾಡದಿದ್ದರೆ ಹದಿನೈದು.

ಅಜ್ಜಿ ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು. "ನಾಯಿ ವಾಸ್ನೆ! ಮೀನು ವಾಸ್ನೆ! ಶಿವ ಶಿವಾ!"

"ತೊಳೆದ್ರೆ ಹೋಗ್ತದೆ ಅವ್ವ" ಎಂದ ಅಪ್ಪ.

"ಯಾವುದು, ವಾಸ್ನೆನಾ? ಬಣ್ಣನಾ?"

ಬೆಲೆಯ ಮಾತನ್ನು ನಾನು ಎತ್ತುವುದಿಲ್ಲ, ಅದರಲ್ಲಿ ತಮಾಷೆ ಇರಲಿಲ್ಲ. ಅಪ್ಪ ಕೊಟ್ಟ, ದೊರೆ ತೆಗೆದುಕೊಂಡರು, ಮನೆ ನಮ್ಮದಾಯಿತು. ಅಜ್ಜಿ ಸೆರಗು ಕಟ್ಟಿ ಸಗಣಿ ನೀರು, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ಎಷ್ಟು ಉಜ್ಜಿದಳೆಂದರೆ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಹಲಗೆ ಚಿಗುರಿಬಿಡುತ್ತಿತ್ತು.

ಊರಿಗೆ ಬಂದು ಅಮ್ಮನಿಗೆ ಹೇಳಿದೆವು. ಅವಳು ಮಂಜನ ಬೆನ್ನು ನೀವುತ್ತಿದ್ದಳು. "ಗಾಲಿ ಇದ್ರೆ ಅದಕ್ಕೆ ಗಾಡಿ ಅಂತಾರೆ. ಗಾಡೀಲಿ ನಾನು ಸಂಸಾರ ಮಾಡಲ್ಲ" ಎಂದಳು, ಮೆಲ್ಲಗೆ.

ಆಮೇಲೆ ಆದದ್ದು ನಮ್ಮಂಥವರಿಗೆ ಮಾತ್ರ ಆಗುವಂಥದು. ಎಳೆಯಬೇಕಿದ್ದ ಗಾಡಿ ತಿಮ್ಮನ ಎತ್ತಿಗೆ ಕಾಲು ಉಳುಕಿತ್ತು. ವಾರ ಬೇಕು ಎಂದ. ಅಷ್ಟರಲ್ಲಿ ನಮ್ಮ ಮನೆಯ ಪೂಜೆ ಮಾಡಿಸುವ ಅಯ್ಯನೋರು ಪಂಚಾಂಗ ಬಿಚ್ಚಿ, "ಈ ಸೋಮವಾರ ಬಿಟ್ರೆ ಇಲ್ಲ. ಆಮೇಲೆ ಅಧಿಕ ಮಾಸ. ಒಂದು ತಿಂಗಳು ಗೃಹಪ್ರವೇಶ ಮಾಡಂಗಿಲ್ಲ" ಎಂದರು. ಒಂದು ತಿಂಗಳೆಂದರೆ ಮಳೆ ನೆತ್ತಿಯ ಮೇಲೆ. ಅಪ್ಪ ತಲೆಯ ಮೇಲೆ ಕೈ ಹೊತ್ತ. ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಸಲೀಸಾಗಿ ಹೇಳಿಬಿಟ್ಟಳು: "ಮನೆ ಬರೋಕಾಗ್ದಿದ್ರೆ ನಾವೇ ಹೋಗಣ. ಅದು ಎಲ್ಲಿದೆಯೋ ಅಲ್ಲೇ ಹಾಲು ಉಕ್ಕಿಸೋದು."

ಹೀಗೆ ಬೇರೆಯವರ ಕಾಫಿ ಕಣದಲ್ಲಿ ನಮ್ಮ ಮನೆಯ ಗೃಹಪ್ರವೇಶವಾಯಿತು. ಬಾಗಿಲಿಗೆ ಮಾವಿನ ಸೊಪ್ಪು, ಗಾಲಿಗಳಿಗೆ ವಿಭೂತಿ. ಅಮ್ಮ ಬರಲಿಲ್ಲ. ಅಜ್ಜಿ ದೀಪ ಹಚ್ಚಿ, ಆ ಕಬ್ಬಿಣದ ಒಲೆಯ ಮೇಲೆ ಹೊಸ ಮಡಕೆಯಿಟ್ಟು ಹಾಲು ಕಾಯಿಸಿದಳು. ಹಾಲು ಪೂರ್ವಕ್ಕೆ ಉಕ್ಕಿದರೆ ಶುಭ. ಕಣ ಸ್ವಲ್ಪ ಇಳಿಜಾರು ನೋಡಿ, ಹಾಲು ನೊರೆನೊರೆಯಾಗಿ ಎದ್ದು ಒಂದು ತೊಟ್ಟೂ ಬಿಡದೆ ಪಶ್ಚಿಮಕ್ಕೆ ಸುರಿಯಿತು.

ಅಯ್ಯನೋರು ಕೆಮ್ಮಿದರು. ಅಪ್ಪ ಆಕಾಶ ನೋಡಿದ. ಅಜ್ಜಿ ಹಾಲನ್ನೂ ಬಾಗಿಲನ್ನೂ ನೋಡಿ ತೀರ್ಪು ಕೊಟ್ಟಳು: "ಹಾಲು ಸರಿಯಾಗೇ ಉಕ್ಕಿದೆ. ಮನೆ ತಪ್ಪಾಗಿ ನಿಂತಿದೆ. ತಿರುಗ್ಸಿ."

ತಿರುಗಿಸಿದರು! ಕಣದಲ್ಲಿದ್ದ ಆಳುಗಳೆಲ್ಲ ಭುಜ ಕೊಟ್ಟು, ಐಸಾ ಎಂದು ತಳ್ಳಿ, ಒಳಗೆ ಅಜ್ಜಿ, ದೀಪ, ಮಡಕೆ, ಅಯ್ಯನೋರು ಇದ್ದಂತೆಯೇ ಮನೆಯನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದರು. ಹಾಲಿನ ಕಲೆ ಪೂರ್ವಕ್ಕೆ ಬಂತು. ಬಂಗಲೆಯ ಮೆಟ್ಟಿಲ ಮೇಲೆ ಪೈಪು ಸೇದುತ್ತ ನಿಂತಿದ್ದ ದೊರೆ, ಇದೇನೆಂದು ರೈಟರನ್ನು ಕೇಳಿದರು. ಶಾಮಣ್ಣ ಇಂಗ್ಲಿಷಿನಲ್ಲಿ ಏನು ವಿವರಿಸಿದರೋ, ದೊರೆ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು.

ಆದರೆ ಹಾಲು ಉಕ್ಕಿದ ಮೇಲೆ ಇನ್ನೊಂದು ತೊಡಕು ಉಕ್ಕಿತು. "ಹಾಲುಕ್ಕಿಸಿದ ಮನೆ ಖಾಲಿ ಬಿಡಂಗಿಲ್ಲ, ಹಚ್ಚಿದ ದೀಪ ಆರಂಗಿಲ್ಲ, ಮನೆ ತನ್ನ ಜಾಗ ಸೇರೋ ತಂಕ" ಎಂದಳು ಅಜ್ಜಿ. ಅಪ್ಪ ಅಂಗಡಿಗೆ ವಾಪಸ್ಸಾದ. ಅಜ್ಜಿ ಮತ್ತು ನಾನು, ಎತ್ತಿನ ಕಾಲು ವಾಸಿಯಾಗುವವರೆಗೆ, ಬಿಳಿ ದೊರೆಯ ಅಂಗಳದಲ್ಲಿ ಸಂಸಾರ ಹೂಡಿದೆವು. ಅಜ್ಜಿ ದೀಪಕ್ಕೆ ಹರಳೆಣ್ಣೆ ಹಾಕುತ್ತಿದ್ದಳು. ನಾನು ಕಿಟಕಿಯಲ್ಲಿ ಕೂತು ಎಸ್ಟೇಟಿನ ಆಡಳಿತ ನೋಡಿಕೊಳ್ಳುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ತಿಮ್ಮ ಎರಡು ಜೋಡಿ ಎತ್ತು ತಂದ, ಅಪ್ಪನೂ ಬಂದ. ನಮ್ಮ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಎಲ್ಲಕ್ಕಿಂತ ಮುಂದೆ ಅಪ್ಪ, ಉದ್ದನೆಯ ಬಿದಿರಿನ ಗಳು ಹಿಡಿದು ರಸ್ತೆಗೆ ಬಾಗಿದ ಕೊಂಬೆಗಳನ್ನು ಎತ್ತುತ್ತ, ಆಮೇಲೆ ತಿಮ್ಮ, ಎತ್ತುಗಳನ್ನು ಅವುಗಳ ಅಜ್ಜ ಮುತ್ತಜ್ಜರ ಸಮೇತ ಬೈಯುತ್ತ, ಆಮೇಲೆ ಮನೆ, ಮನೆಯೊಳಗೆ ದೀಪದ ಮುಂದೆ ಅಜ್ಜಿ, ಕಿಟಕಿಯಲ್ಲಿ ನಾನು, ದಾರಿಯವರಿಗೆಲ್ಲ ಮೇಮ್‌ಸಾಹೇಬರ ಹಾಗೆ ಕೈ ಬೀಸುತ್ತ. ಒಬ್ಬ ಮುದುಕ ಹೆದರಿ ಕೈ ಮುಗಿದ. ಒಬ್ಬಳು ಹೆಂಗಸು ಮಗುವಿಗೆ, "ನೋಡು, ಊಟ ಮಾಡ್ದಿದ್ರೆ ಅದ್ರೊಳಗೆ ಹಾಕ್ತಾರೆ" ಎಂದಳು. ನಾನು ಕಣ್ಣು ಕೆಂಪಗೆ ಮಾಡಿ ಅವಳಿಗೆ ಸಹಾಯ ಮಾಡಿದೆ.

ಮಾರನೆಯ ದಿನ ಮಧ್ಯಾಹ್ನ, ದೊಡ್ಡ ಏರಿನ ಬುಡಕ್ಕೆ ಬಂದಾಗ, ಗಾಳಿ ನಿಂತುಬಿಟ್ಟಿತು. ಕಾಫಿ ಗಿಡದ ಎಲೆ ಒಂದೂ ಅಲ್ಲಾಡಲಿಲ್ಲ. ಪಶ್ಚಿಮದ ಗುಡ್ಡಗಳು ಒಂದೊಂದಾಗಿ ಕಪ್ಪಾದವು. ಅಪ್ಪ ಕೊಂಬೆ ಎತ್ತುವುದನ್ನು ಬಿಟ್ಟು ಆಕಾಶವನ್ನೇ ಗಳುವಿನಿಂದ ಎತ್ತಿ ಹಿಡಿಯುವವನ ಹಾಗೆ ನಿಂತ. ಅರ್ಧ ಏರು ಹತ್ತುವಷ್ಟರಲ್ಲಿ ಮಳೆ ಬಿತ್ತು. ಹನಿ ಹನಿಯಾಗಿ ಅಲ್ಲ, ಮೇಲಿನಿಂದ ಯಾರೋ ಹಂಡೆ ಕವುಚಿದ ಹಾಗೆ. ಕೆಂಪು ರಸ್ತೆ ಕ್ಷಣದಲ್ಲಿ ಪಾಯಸವಾಯಿತು. ಎತ್ತುಗಳು ಮಂಡಿಯೂರಿದವು, ಹಗ್ಗ ಕಿರುಗುಟ್ಟಿತು, ಮನೆ ನಮ್ಮನ್ನೂ ಹೊತ್ತುಕೊಂಡು ಮೆಲ್ಲಗೆ ಹಿಂದಕ್ಕೆ ಜಾರಿತು. ರಸ್ತೆಯ ಬದಿಯ ಒಂದು ಸಿಲ್ವರ್ ಓಕ್ ಮರ ಅಡ್ಡ ಬಂದು ಹಿಡಿಯದಿದ್ದರೆ, ಈ ಬರಹವನ್ನು ನಾನು ಮಲ್ಲಂದೂರಿನ ಹಳ್ಳದೊಳಗೆ ಕೂತು ಬರೆಯಬೇಕಿತ್ತು.

ತಿಮ್ಮ ಬಾಗಿಲಿಗೆ ಬಂದು ಕೂಗಿದ. "ಅಜ್ಜಿ, ಇಳೀರಿ! ಎತ್ತುಗಳು ಮನೆ ಎಳೀತಾವೆ. ನಿಮ್ಮ ಹಟಾನೂ ಎಳೀರಿ ಅಂದ್ರೆ ಆಗಲ್ಲ."

"ನಾನು ಇಳಿದ್ರೆ ಮನೆ ಖಾಲಿ ಆಗ್ತದೆ ಮಾರಾಯ."

"ಅವ್ವ, ನೀನು ಇಳೀದಿದ್ರೆ ಮನೇನೇ ಇರಲ್ಲ" ಎಂದ ಅಪ್ಪ. ಹಾಗೆಂದವನು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟ. ಮೀಸೆಯಿಂದ ನೀರು ಸುರಿಯುತ್ತಿತ್ತು. "ಈ ಮಳೆ ಆಲ್ದೂರಲ್ಲೂ ಬಿದ್ದಿರ್ತದೆ" ಎಂದ, ಯಾರಿಗೋ ಅಲ್ಲ, ತನಗೇ. "ನಾಳೆ ಬಸ್ಸಿಗೆ ಅವಳು ಹೊರಡ್ತಾಳೆ."

ನನ್ನ ಬಾಯಲ್ಲಿ ಆಗ ಒಂದು ತಮಾಷೆಯೂ ಹುಟ್ಟಲಿಲ್ಲ. ಬೇಕಿದ್ದರೆ ಇದೊಂದನ್ನು ನಂಬಿ.

ಅಜ್ಜಿ ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ, ಎಲೆಗಳಿಂದ ಹೆಣೆದ ಗೊರಬನ್ನು ತಲೆಯಿಂದ ಮಂಡಿಯವರೆಗೆ ಕವುಚಿಕೊಂಡು, ಅದರೊಳಗೆ ದೀಪ ಹಿಡಿದು, ಮೆಟ್ಟಿಲಿಳಿದು ಕೆಸರಿಗೆ ಕಾಲಿಟ್ಟಳು. "ದೀಪ ಎಲ್ಲಿದೆಯೋ ಅದೇ ಮನೆ" ಎಂದಳು. "ನಾನು ಮುಂದೆ ನಡೀತೀನಿ. ಆ ಮರದ ಪೆಟ್ಟಿಗೆ ಬೇಕಾದ್ರೆ ಹಿಂದೆ ಬರ್ಲಿ." ಹಾಗೆಂದು ಏರು ಹತ್ತತೊಡಗಿದಳು. ಮಳೆಯೊಳಗೆ ಒಂದು ಗೊರಬು, ಅದರೊಳಗೆ ಚಿಕ್ಕ ಬೆಳಕು.

ಅಷ್ಟರಲ್ಲಿ ಮೇಲಿನ ತೋಟದಿಂದ ಮರಗಸಿ ಕೆಲಸದ ಆಳುಗಳು ಇಳಿದು ಬಂದರು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ ಮರಗಸಿ ಎನ್ನುತ್ತಾರೆ. ಕಡಿದ ಕೊಂಬೆ ಧೊಪ್ಪನೆ ಬಿದ್ದು ಕೆಳಗಿನ ಕಾಫಿ ಗಿಡ ಮುರಿಯಬಾರದೆಂದು ಅವರು ಅದಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಕಾಂಡಕ್ಕೆ ಸುತ್ತಿ, ಮಗುವನ್ನು ತೊಟ್ಟಿಲಿಗೆ ಇಳಿಸಿದಷ್ಟು ನಿಧಾನವಾಗಿ ಬಿಡುತ್ತಾರೆ. ಅವರ ಮೇಸ್ತ್ರಿ ಮೊದಲು ಬೆಳಕು ಹೊತ್ತ ಅಜ್ಜಿಯನ್ನು ನೋಡಿದ, ಆಮೇಲೆ ಮರಕ್ಕೊರಗಿದ ಮನೆಯನ್ನು ನೋಡಿದ.

"ಎಂತ ಅಜ್ಜಿ ಇದು?"

"ನನ್ನ ಮನೆ. ಸ್ವಲ್ಪ ಸುಸ್ತಾಗಿದೆ."

ಮೇಸ್ತ್ರಿ ನಕ್ಕುಬಿಟ್ಟ. "ಕೊಂಬೆ ಇಳಿಸೋ ಹಗ್ಗದಲ್ಲೇ ಮನೆ ಹತ್ಸಣ, ಬನ್ರೋ" ಎಂದ. ಗಾಲಿಗಳಡಿಗೆ ಸೊಪ್ಪಿನ ಹೊರೆ ಹಾಸಿದರು. ಮನೆಗೆ ಹಗ್ಗ ಬಿಗಿದು ಮೇಲಿನ ಮರಕ್ಕೆ ಸುತ್ತು ಹಾಕಿದರು. ಎತ್ತು ಒಂದು ಮಾರು ಎಳೆದರೆ ಇವರು ಸಡಿಲವಾದ ಹಗ್ಗವನ್ನು ಬಿಗಿಯುವರು. ಮನೆ ಹಿಂದಕ್ಕೆ ಜಾರುವಂತಿಲ್ಲ. ಆಮೇಲೆ ಮುಂದಿನ ಮರ. ಆಮೇಲೆ ಅದರ ಮುಂದಿನದು. ಅಪ್ಪ ಕಲ್ಲಿನಿಂದೆದ್ದು ಹಗ್ಗಕ್ಕೆ ಕೈ ಹಾಕಿದ. ನಾನೂ ಹಾಕಿದೆ, ನಿಜ ಹೇಳಬೇಕೆಂದರೆ ಮನೆ ಮೇಲೆ ಹೋದದ್ದೇ ನನ್ನಿಂದ, ಉಳಿದವರು ಜೊತೆಗಿದ್ದರು. ನೆತ್ತಿ ತಲುಪಿದಾಗ ಅಜ್ಜಿ ಅಲ್ಲಿ ನಿಂತು ನಮಗಾಗಿ ಕಾಯುತ್ತಿದ್ದಳು. ದೀಪ ಉರಿಯುತ್ತಿತ್ತು. ಆ ರಾತ್ರಿ ಅಲ್ಲೇ ಮಲಗಿದೆವು. ಮಾಡಿನ ಮೇಲೆ ಮಳೆ ಡೊಳ್ಳು ಬಾರಿಸಿತು.

ಬೆಳಿಗ್ಗೆ ಆಲ್ದೂರು ಸೇರಿದೆವು. ಅಂಗಡಿಯ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಬೇಕು. ಅಪ್ಪ ಓಣಿಯನ್ನು ಮೊದಲೇ ಅಳೆದಿದ್ದ; ಆದರೆ ನೆಲದ ಮೇಲೆ ಅಳೆದಿದ್ದ. ಪಕ್ಕದ ಮನೆಯ ಹೆಂಚಿನ ಸೂರು ಮೇಲೆ ಅಷ್ಟು ಮುಂದಕ್ಕೆ ಚಾಚಿರುವುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಮನೆಯ ಹಿಂಭಾಗ ಓಣಿಯೊಳಗೆ ಸಿಕ್ಕಿ, ಮುಂಭಾಗ ದೊಡ್ಡ ಬೀದಿಗೆ ಅಡ್ಡಲಾಗಿ ನಿಂತಿತು. ಊರೆಲ್ಲ ಸೇರಿತು. ಪಕ್ಕದ ಮನೆಯವರು ಸೂರು ಹಿಡಿದುಕೊಂಡು ಬೊಬ್ಬೆ ಹಾಕಿದರು. ಅಷ್ಟರಲ್ಲಿ ಬಂತು ಚಿಕ್ಕಮಗಳೂರಿಗೆ ಹೋಗುವ ಇದ್ದಿಲು ಬಸ್ಸು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಬಸ್ಸುಗಳು ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ದಾರಿಯಿಲ್ಲದೆ ಅದು ನಮ್ಮ ಬಾಗಿಲ ಮುಂದೆ ಹೊಗೆಯುಗುಳುತ್ತ ನಿಂತಿತು.

ಇಂಥ ಸಭೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ಶುರು ಮಾಡಿದೆ. ಮೊದಲು ಮಳೆ, ಆಮೇಲೆ ಪ್ರಪಾತ, ಆಮೇಲೆ ಹುಲಿ. "ರಾತ್ರಿ ಬಾಗ್ಲು ಕೆರೆಯೋ ಸದ್ದು. ಕಿಟಕಿ ತೆಗೆದು ನೋಡ್ತೀನಿ, ಎರಡು ಕಣ್ಣು, ತಟ್ಟೆಯಷ್ಟಗಲ! ಅಪ್ಪ ನಡುಗ್ತಿದಾನೆ, ತಿಮ್ಮ ಗಾಡಿ ಕೆಳಗೆ ಸೇರ್ಕೊಂಡಿದಾನೆ. ನಾನು ಹೇಳ್ದೆ, ಬಾ, ಒಳಗೆ ಬಾ ನೋಡಣ. ಅದು ಹಿಂದಕ್ಕೆ ಸರಿದು, ಮೈ ಕುಗ್ಗಿಸಿ, ಹಾರ್ತು ನೋಡಿ..."

ಬಸ್ಸಿನಿಂದ ಅಮ್ಮ ಇಳಿದಳು.

ಕಂಕುಳಲ್ಲಿ ಮಂಜ. ಪ್ರಯಾಣದ ಸೀರೆ; ನಾವು ಬರುವ ಮೊದಲೇ ಬಸ್ಸು ಹತ್ತಿ ಕಡೂರಿಗೆ ಹೊರಟಿದ್ದಳು. ಬಸ್ಸಿನ ಮಾಡಿನ ಮೇಲೆ ಅವಳ ಟ್ರಂಕು ಕಟ್ಟಿತ್ತು. ಗುಂಪು ಎರಡಾಗಿ ಸರಿಯಿತು. ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನೇರವಾಗಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ನಾನು ಹಿಂದೆಯೇ ನುಗ್ಗಿದೆ.

ಅಜ್ಜಿ ದೀಪದ ಪಕ್ಕ ಗೋಡೆಗೊರಗಿ ಕೂತಿದ್ದಳು. ಅಮ್ಮ ಮಂಜನನ್ನು ಮಂಚದ ಹಲಗೆಯ ಮೇಲೆ ಕೂರಿಸಿ, ಅಂಗೈಯಿಂದ ಗೋಡೆಯ ಹಲಗೆಗಳನ್ನು ಒಂದೊಂದಾಗಿ ಮುಟ್ಟಿದಳು. ಮೂಲೆ ಮುಟ್ಟಿದಳು. ಕಿಟಕಿಯ ಅಂಚು ಮುಟ್ಟಿದಳು. ಕೈ ತಿರುಗಿಸಿ ನೋಡಿಕೊಂಡಳು.

"ನಿನ್ನೆ ಮಳೆ ಅಲ್ಲಿ ಬರ್ಲಿಲ್ವಾ?"

"ಬಂತು" ಎಂದಳು ಅಜ್ಜಿ. "ಹೊರಗಡೆ."

ಅಮ್ಮ ಮಂಜನ ಪಕ್ಕ ಕೂತು, ತಲೆ ಬಗ್ಗಿಸಿ, ಅವನ ಎದೆಗೆ ಕಿವಿಯಿಟ್ಟಳು. ಹೊರಗೆ ಡ್ರೈವರು ಹಾರನ್ ಒತ್ತುತ್ತಿದ್ದ, ಪಕ್ಕದ ಮನೆಯವರು ಕೂಗುತ್ತಿದ್ದರು. ಬಾಗಿಲಲ್ಲಿ ಅಪ್ಪ ಗಳು ಹಿಡಿದೇ ನಿಂತಿದ್ದ. ಅವಳು ಬಹಳ ಹೊತ್ತು ಕೇಳಿದಳು. ಮಂಜ ಕಿಟಕಿಯ ಗಾಜಿಗೆ ಮೂಗು ಒತ್ತಿ ಬಸ್ಸಿನವರಿಗೆ ನಾಲಿಗೆ ತೋರಿಸುತ್ತಿದ್ದ.

ಆಮೇಲೆ ಅಮ್ಮ ಎದ್ದು ಒಲೆಯ ಕಡೆ ನೋಡಿದಳು.

"ಈ ಒಲೆ ಇಲ್ಲಿಟ್ಟವರು ಯಾರು? ದಿನಾ ಬಾಗ್ಲಿಗೆ ಬೆನ್ನು ಹಾಕ್ಕೊಂಡು ಅಡ್ಗೆ ಮಾಡ್ಲಾ ನಾನು?" ಅಪ್ಪನ ಕಡೆ ತಿರುಗಿದಳು. "ಪಕ್ಕದವ್ರ ಸೂರಿನ ನಾಲ್ಕು ಹೆಂಚು ಇಳಿಸಿ, ಮನೆ ಒಳಗೆ ಹೋದ್ಮೇಲೆ ಮತ್ತೆ ಹೊದಿಸಿ ಕೊಡಿ. ಅಷ್ಟಕ್ಕೆ ಯಾಕೆ ಊರು ಸೇರ್ಸಿದೀರಿ? ಗಿರಿಜ, ಬಸ್ಸಿಂದ ನನ್ ಟ್ರಂಕ್ ಇಳಿಸ್ಕೊಂಡು ಬಾ. ಬಾಯಿ ಮುಚ್ಕೊಂಡು ಇಳಿಸು."

ನಾನು ಹೊರಗೆ ಬಂದೆ. ಜನ ಇನ್ನೂ ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಏ ಗಿರಿಜ, ಹುಲಿ ಎಂತಾಯ್ತೇ?" ಎಂದು ಯಾರೋ ಕೂಗಿದರು.

"ಎಂತಾಗ್ತದೆ? ಅಮ್ಮ ಬಂದ್ಳು, ಓಡಿಹೋಯ್ತು" ಎಂದು ಬಸ್ಸಿನ ಏಣಿ ಹತ್ತಿದೆ.